ಗರಿಯ ಲೆಕ್ಕ

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ
ಇನ್ನೊಂದು ಲೆಕ್ಕ, ಕೆಂಪು ಪೆನ್ನಿನಲ್ಲಿ:
ಸೋಮವಾರ ಅರ್ಧ ಲೀಟರು, ಗರಿ ಹನ್ನೊಂದು.
ಮಂಗಳವಾರ ಹಾಲು ಬೇಡವೆಂದೆ, ಗರಿ ಹದಿನೇಳು.
ಕಿತ್ತಾಗ ಬೈಯಬೇಡಿ, ಓಡಿ ಹೋಗಿ ಮುದ್ದಿಸಬೇಡಿ,
ಸುಮ್ಮನೆ ಎಣಿಸಿ ಅಂದಿದ್ದಾರೆ ಡಾಕ್ಟರಮ್ಮ.

ಎಣಿಸುವುದು ನನಗೇನು ಹೊಸದೇ?
ಕೇಸರೆಯ ಈ ಒಂದೂವರೆ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಮಣೆಯ ಮುಂದೆ ಕೂತು
ಕಡ್ಡಿಗೆ ಕರಿಹಿಟ್ಟು ಹೊಸೆದಿದ್ದೇನೆ,
ಸಾವಿರವಾದರೆ ಒಂದು ಕಟ್ಟು.
ಯಾರ್‍ಯಾರದೋ ದೇವರಿಗೆ ಪರಿಮಳ ಕಳಿಸಿ
ಉಗುರ ಸಂದಿಯ ಇದ್ದಿಲು ನಾನಿಟ್ಟುಕೊಂಡಿದ್ದೇನೆ.

ಹಕ್ಕಿ ನನ್ನದಲ್ಲ.
ಎದುರುಮನೆ ಚಂದ್ರಪ್ರಭಾ ಟೀಚರ್
ವರ್ಗವಾಗಿ ಹೋಗುವಾಗ ಪಂಜರ ತಂದಿಟ್ಟು
ಮನೆ ಸಿಗುವವರೆಗೆ, ಹದಿನೈದು ದಿನ, ಅಂದರು.
ಬೂದು ಮೈ, ಕಿತ್ತಳೆ ಕೆನ್ನೆ, ತಲೆಯ ಮೇಲೆ ತುರಾಯಿ,
ಹೆಸರು ಸುಬೇದಾರ.
ಅದಕ್ಕೆ ಬರುವುದು ಒಂದೇ ಮಾತು:
ಬರ್ತೀನಿ.

ಹೋಗುವವರು ನಮ್ಮಲ್ಲಿ ಹೋಗ್ತೀನಿ ಅನ್ನುವುದಿಲ್ಲವಲ್ಲ.
ದಿನಾ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ
ಟೀಚರ್ ಹೇಳುತ್ತಿದ್ದುದನ್ನು
ಅವರ ದನಿಯಲ್ಲೇ ಹೇಳುತ್ತದೆ.
ಬರ್ತೀನಿ, ಎದೆಯಿಂದ ಒಂದು.
ಬರ್ತೀನಿ, ರೆಕ್ಕೆಯಡಿಯಿಂದ ಇನ್ನೊಂದು.
ಕಿತ್ತ ಗರಿಯನ್ನು ಕೊಕ್ಕಲ್ಲಿ ಹಿಡಿದು
ಒಂದು ಗಳಿಗೆ ಅದನ್ನೇ ನೋಡುತ್ತದೆ,
ಯಾರದ್ದೋ ಎಂಬಂತೆ.

ಬೀದಿಯಲ್ಲಿ ವೈದ್ಯರಿಗೇನು ಬರವೇ?
ಬೇವಿನ ನೀರು ಅಂದರು, ಅರಿಶಿನ ಅಂದರು.
ಕೊನೆಮನೆ ಪುಟ್ಟಸಿದ್ದಮ್ಮ ದೃಷ್ಟಿ ತೆಗೆದು
ಮೆಣಸಿನಕಾಯಿ ಸುಟ್ಟಳು. ಹೊಗೆಯ ಮೇಲೆ ಹೊಗೆ.
ಅತ್ತೆಯ ಸೊಂಟದ ಹಳೇ ಎಕ್ಸ್‌ರೇ ಕತ್ತರಿಸಿ
ನನ್ನ ಗಂಡ ಕೊರಳಿಗೊಂದು ಪಟ್ಟಿ ಹೊಲಿದ.
ಮುರಿದ ಮೂಳೆಯ ನೆರಳು ಕತ್ತಿಗೆ ಹಾಕಿಕೊಂಡು
ಸುಬೇದಾರ ಮೂರು ದಿನ
ಹಿಂದಕ್ಕೆ ಹಿಂದಕ್ಕೆ ನಡೆದ.
ನಾಲ್ಕನೆಯ ದಿನ ನಾನೇ ಬಿಚ್ಚಿದೆ.

ಆಸ್ಪತ್ರೆಯಲ್ಲಿ ನಾಯಿಗಳ ಸಾಲು, ನಮ್ಮದು ಕೊನೆ.
ಹುಳವಿಲ್ಲ, ಹುಣ್ಣಿಲ್ಲ ಅಂದ ಡಾಕ್ಟರಮ್ಮ
ಹಕ್ಕಿಯನ್ನು ಮೂಗಿನ ಹತ್ತಿರ ತಂದು
ಇದೇನಮ್ಮ, ಮಲ್ಲಿಗೆ ವಾಸನೆ?
ಅಂದಾಗ ನಗು ಬಂತು ನನಗೆ, ಆಮೇಲೆ ಬರಲಿಲ್ಲ.
ಹಾಗಾದರೆ ನನ್ನಿಂದಲೇ?
ನಿಮ್ಮ ಪುಡಿ, ನಿಮ್ಮ ಘಾಟು, ಒಣ ಬೀಜದ ಊಟ,
ರಾತ್ರಿ ಹನ್ನೆರಡರವರೆಗೆ ದೀಪ, ಹೋದವರ ನೆನಪು;
ಕಾರಣ ಒಂದೇ ಅಂತ ಯಾರು ಹೇಳಿದ್ದು?

ಈಗ ಮಣೆ ಮಾಳಿಗೆಯ ಮೇಲೆ, ತಗಡಿನ ಕೆಳಗೆ.
ಗಾಳಿಗೆ ಹಿಟ್ಟು ಹಾರುತ್ತದೆ, ಬಿಸಿಲಿಗೆ ಬೇಗ ಒಣಗುತ್ತದೆ,
ದಿನಕ್ಕೆ ಮುನ್ನೂರು ಕಡ್ಡಿ ಕಡಿಮೆ.
ಕೆಳಗೆ ಅವನಿಗೆ ನುಗ್ಗೆಸೊಪ್ಪು, ಜೋಳದ ಸಿಪ್ಪೆ,
ಸೀಳಿ ಸೀಳಿ ಕೊಕ್ಕು ಸೋಲಲಿ ಎಂದು ತೆಂಗಿನ ನಾರು.
ಹತ್ತು ಗಂಟೆಗೆ ತುಂತುರು ಸ್ನಾನ.
ಏಳಕ್ಕೆಲ್ಲ ಪಂಜರಕ್ಕೆ ನನ್ನ ಹಳೇ ಸೀರೆಯ ಕತ್ತಲು.
ಅದರ ಪಕ್ಕ ಕೂತು, ಬೆರಳಿಗಂಟಿ ಒಣಗಿದ ಹಿಟ್ಟನ್ನು
ಸುಲಿಯುತ್ತಾ ಸುಲಿಯುತ್ತಾ ನಾನು
ಚರ್ಮಕ್ಕೆ ಬಂದಿದ್ದು ರಕ್ತ ಕಂಡಾಗಲೇ ಗೊತ್ತಾಗಿದ್ದು.

ಐದು ತಿಂಗಳಾಯಿತು.
ರೆಕ್ಕೆಯಡಿ ಸೂಜಿಗರಿ ಮೂಡಿವೆ, ಪೊರೆ ಸುತ್ತಿಕೊಂಡು,
ಥೇಟ್ ಹೊಸೆದಿಟ್ಟ ಕಡ್ಡಿಗಳು.
ಎದೆಯ ಮೇಲೆ ಎಂಟಾಣೆಯಗಲ ಮಾತ್ರ
ಬೋಳಾಗಿಯೇ ಇರುತ್ತದಂತೆ. ಬುಡ ಸತ್ತಿದೆ.

ಟೀಚರ್ ಫೋನ್ ಮಾಡಿದ್ದರು. ಮನೆ ಸಿಕ್ಕಿದೆಯಂತೆ,
ಓನರು ಹಕ್ಕಿ ಬೇಡ ಅಂದರಂತೆ.
ಸರಿ ಅಂದೆ.

ಮಾಳಿಗೆಗೆ ಹೊರಟರೆ ಬಾಯಿಗೆ ಬರುವ ಮಾತನ್ನು ನುಂಗಿ
ಹೋಗ್ತೀನಿ ಕಣೋ, ಅನ್ನುತ್ತೇನೆ,
ನಲ್ಲಿ ನೀರು ಬಿಡುವ ಹೊತ್ತಿಗೆ ಇಳಿದುಬಿಡುತ್ತೇನೆ.
ಪುಟ್ಟಸಿದ್ದಮ್ಮ ಅಪಶಕುನ ಅಂತಾಳೆ.
ಸುಬೇದಾರ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾನೆ,
ಹೊಸ ಮಾತು, ಇನ್ನೂ ಕಲಿತಿಲ್ಲ.

ಇವತ್ತು ಅರ್ಧ ಲೀಟರು.
ಗರಿ ನಾಲ್ಕು. ಅದರಲ್ಲಿ ಒಂದು
ತಾನಾಗೇ ಉದುರಿದ್ದಿರಬಹುದು.